ನ್ಯಾರೋಬೋಟ್‌ನಲ್ಲಿ ಮೊದಲ ಚಳಿಗಾಲ: ಗಾಳಿಕಿಂಡಿ ಮುಚ್ಚಬೇಕಾ, ಬಿಡಬೇಕಾ?

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿದ್ದೇವೆ. ಊರು ಮೈಸೂರು. ಬಾಡಿಗೆ ಕಟ್ಟಿ ಸಾಕಾಗಿ ಈ ಬೇಸಿಗೆಯಲ್ಲಿ 57 ಅಡಿಯ ಒಂದು ಹಳೆಯ ನ್ಯಾರೋಬೋಟ್ (ಇಲ್ಲಿನ ಕಾಲುವೆಗಳಲ್ಲಿ ಓಡುವ ಉದ್ದನೆಯ, ಕಿರಿದಾದ ಉಕ್ಕಿನ ದೋಣಿ) ಕೊಂಡೆವು. ವಾಸಕ್ಕೆ ಅನುಮತಿ ಇರುವ ಮರೀನಾದಲ್ಲಿ, ಅಂದರೆ ದೋಣಿಗಳ ತಂಗುದಾಣದಲ್ಲಿ, ಕಟ್ಟಿಕೊಂಡು ಅದರಲ್ಲೇ ಇದ್ದೇವೆ. ನವೆಂಬರ್ ಬಂದದ್ದೇ ತಡ, ಬೆಳಗ್ಗೆ ಎದ್ದರೆ ಕಿಟಕಿಗಳಿಂದ ನೀರು ಇಳಿಯುತ್ತಿರುತ್ತದೆ, ಹಾಸಿಗೆಯ ಅಡಿಯಲ್ಲಿ ಕಪ್ಪು ಬೂಷ್ಟು. ಗಾಳಿಕಿಂಡಿಗಳಿಂದ ಚಳಿ ಬರುತ್ತದೆ ಎಂದು ಬಟ್ಟೆ ತುರುಕಿದ್ದೇವೆ. ಇದು ಸರಿಯೇ? ದೋಣಿ ಬೆಚ್ಚಗಿಡುವ ಕಲ್ಲಿದ್ದಲಿನ ಒಲೆಯನ್ನು ರಾತ್ರಿಯಿಡೀ ಉರಿಸಬಹುದೇ? ಜನವರಿಯಲ್ಲಿ ಮೂರು ವಾರ ಊರಿಗೆ ಹೋಗಬೇಕು, ದೋಣಿಯನ್ನು ಹಾಗೇ ಬಿಟ್ಟು ಹೋಗಬಹುದೇ?

ಉತ್ತರ: ಮೊದಲು ಆ ಬಟ್ಟೆ ಕಿತ್ತು ಹಾಕಿ. ಈಗಲೇ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಿಮ್ಮನ್ನು ಬೈಯುತ್ತಿಲ್ಲ, ಮೊದಲ ಚಳಿಗಾಲದಲ್ಲಿ ಬಹಳ ಜನ ಮಾಡುವ ಕೆಲಸವೇ ಇದು. ನಾನು ದೋಣಿಗಳಿಗೆ ಒಲೆ, ಹೀಟರ್ ಕೂರಿಸುವವನು, ಇರುವುದೂ ದೋಣಿಯಲ್ಲೇ. ನವೆಂಬರ್ ಕೊನೆಗೆ ಕೆಲಸಕ್ಕೆ ಕರೆದವರ ದೋಣಿಯೊಳಗೆ ಕಾಲಿಟ್ಟರೆ ಚಾವಣಿಯ ಕಿಂಡಿಯಲ್ಲಿ ಹಳೆಯ ಕಾಲುಚೀಲವೋ ಸ್ಪಂಜೋ ಕಾಣುತ್ತದೆ, ಅದರ ಕೆಳಗೆ ಕಿಟಕಿ ಒರೆಸುತ್ತಾ ನಿಂತ ಮಾಲೀಕರು. ಅವರು ಕರೆದದ್ದು ಹೀಟರ್ ಸಾಲುತ್ತಿಲ್ಲ ಎಂದು. ಹೀಟರ್ ಸಾಲುತ್ತದೆ ಸ್ವಾಮಿ, ಹಬೆಗೆ ಹೊರಗೆ ಹೋಗಲು ದಾರಿ ಇಲ್ಲ ಅಷ್ಟೇ.

ಸ್ವಲ್ಪ ಲೆಕ್ಕ ನೋಡೋಣ. 1 ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. ಗ್ಯಾಸಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜತೆ ಸೇರಿ ನೀರಾಗುವುದರಿಂದ, ಸುಟ್ಟ ಗ್ಯಾಸಿಗಿಂತ ಬಂದ ನೀರಿನ ತೂಕವೇ ಜಾಸ್ತಿ. ಅದರ ಮೇಲೆ ಅನ್ನ ಕುದಿಯುವ ಹಬೆ, ಕುಕ್ಕರಿನ ಸೀಟಿ, ಸ್ನಾನದ ಬಿಸಿನೀರು, ಇಬ್ಬರ ಉಸಿರು. ಇಷ್ಟೆಲ್ಲ ಸೇರುವುದು ಎಲ್ಲಿ? ಹೊರಗಿನಿಂದ ಅಳೆದರೆ 6 ಅಡಿ 10 ಇಂಚು ಅಗಲ ಇರುವ ಉಕ್ಕಿನ ಗೂಡಿನಲ್ಲಿ. ಇಂಗ್ಲೆಂಡಿನ ಕಾಲುವೆಗಳ ಸಣ್ಣ ಲಾಕ್‌ಗಳ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ತೊಟ್ಟಿಗಳ) ಅಗಲ 7 ಅಡಿ, ಅದರೊಳಗೆ ತೂರಬೇಕಲ್ಲ, ಅದಕ್ಕೇ ಈ ಅಳತೆ. ಈಗಿನ ಸಾಮಾನ್ಯ ದೋಣಿಯ ತಳ 10 ಮಿಮೀ ಉಕ್ಕು, ಪಕ್ಕ 6, ಮೇಲಿನ ಕ್ಯಾಬಿನ್ 4 ಮಿಮೀ. ಅದಕ್ಕೆ ಒಳಗಿನಿಂದ ಫೋಮ್ ಹೊಡೆದು, ಮೇಲೆ ಮರದ ಹಲಗೆ ಮುಚ್ಚಿರುತ್ತಾರೆ. ಫೋಮ್ ಎಲ್ಲಿ ತಪ್ಪಿದೆಯೋ ಅಲ್ಲಿ, ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ, ಹಲಗೆ ಹಿಡಿದಿರುವ ಸ್ಕ್ರೂಗಳ ತಲೆಯ ಮೇಲೆ ಕೂಡ ಹಬೆ ಹೋಗಿ ನೀರಾಗಿ ಕೂರುತ್ತದೆ. ನಾಳೆ ಬೆಳಗ್ಗೆ ಟಾರ್ಚ್ ಹಿಡಿದು ನೋಡಿ, ಸ್ಕ್ರೂ ಇರುವ ಕಡೆಯೆಲ್ಲ ಸಾಲಾಗಿ ಒಂದೊಂದು ಹನಿ ಕಾಣುತ್ತದೆ.

"ಹೊರಗೆ ಮಳೆ ಸುರಿಯುತ್ತಿದೆ, ಆ ಗಾಳಿ ಒಳಗೆ ಬಂದರೆ ಇನ್ನೂ ತೇವ ಅಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ. 0 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 5 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಅದೇ ಗಾಳಿ 17 ಗ್ರಾಂವರೆಗೆ ಹಿಡಿಯುತ್ತದೆ. ಅಂದರೆ ಹೊರಗಿನ ತಣ್ಣನೆ ಗಾಳಿ ಒಳಗೆ ಬಂದು ನಿಮ್ಮ ಒಲೆಯ ಬಿಸಿಗೆ ಕಾದರೆ ಅದು ಒಣ ಗಾಳಿ, ಇನ್ನೂ 12 ಗ್ರಾಂ ಎತ್ತಿಕೊಂಡು ಹೊರಗೆ ಹೋಗುವಷ್ಟು ಜಾಗ ಅದರಲ್ಲಿದೆ. ಒಲೆ ಉರಿಯಬೇಕು, ಕಿಂಡಿ ತೆರೆದಿರಬೇಕು, ಎರಡೂ ಒಟ್ಟಿಗೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಮಳೆಗಾಲದಲ್ಲಿ ಅವರು ಒಲೆ ಆರಲು ಬಿಡುವುದಿಲ್ಲ, ಹೊಗೆಗಂಡಿ ಮುಚ್ಚುವುದೂ ಇಲ್ಲ. ಮೈಸೂರಿನ ಹವಾಮಾನದಲ್ಲಿ ಬೆಳೆದವರಿಗೆ ಈ ಅಭ್ಯಾಸ ಎಲ್ಲಿಂದ ಬರಬೇಕು!

ಕಿಂಡಿಯ ಇನ್ನೊಂದು ಕಾರಣ ಜೀವದ್ದು. ಒಲೆಗೆ ಗಾಳಿ ಸಾಲದೇ ಹೋದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಸುಸ್ತು ಬರುತ್ತದೆ, ಜನ ಜ್ವರ ಇರಬೇಕು ಎಂದುಕೊಂಡು ಮಲಗಿಬಿಡುತ್ತಾರೆ. 2013ರಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ ಕಟ್ಟಿ ನಿಲ್ಲಿಸಿದ್ದ ಮೋಟಾರು ದೋಣಿಯೊಂದರಲ್ಲಿ ತಾಯಿ, ಮಗಳು ಇಬ್ಬರೂ ಜನರೇಟರಿನ ಹೊಗೆಯಿಂದ ಹೀಗೇ ತೀರಿಕೊಂಡರು. 2019ರ ಏಪ್ರಿಲ್‌ನಿಂದ ಇಲ್ಲಿನ ದೋಣಿಗಳ ಸುರಕ್ಷತಾ ತಪಾಸಣೆಯ ವ್ಯವಸ್ಥೆಯಾದ ಬೋಟ್ ಸೇಫ್ಟಿ ಸ್ಕೀಮ್ ಪ್ರಕಾರ ಮಲಗುವ ಜಾಗ ಇರುವ ದೋಣಿಗಳಲ್ಲಿ ಇದರ ಅಲಾರಂ ಕಡ್ಡಾಯ. ನಿಮ್ಮದರಲ್ಲಿ ಇದ್ದೇ ಇರುತ್ತದೆ, ಆದರೆ ಅದರ ಆಯಸ್ಸು ಮುಗಿದಿದೆಯೇ ನೋಡಿ, ಹಿಂಬದಿಯಲ್ಲಿ ತಾರೀಖು ಇರುತ್ತದೆ. ಕೊಳ್ಳುವಾಗ ಇಎನ್ 50291-2 ಎಂದು ಬರೆದಿರುವುದನ್ನೇ ಕೊಳ್ಳಿ, ಕೊನೆಯ ಆ 2 ಇದ್ದರೆ ದೋಣಿ, ಕ್ಯಾರವಾನ್‌ಗೆಂದು ಪರೀಕ್ಷೆ ಮಾಡಿದ್ದು ಎಂದರ್ಥ. ಒಲೆ ಇರುವ ಕೋಣೆಯಲ್ಲಿ ಒಂದು, ಮಲಗುವಲ್ಲಿ ಒಂದು. ಪಕ್ಕದ ದೋಣಿಯವರು ಎಂಜಿನ್ ಓಡಿಸಿದರೂ ಅದರ ಹೊಗೆ ನಿಮ್ಮ ಕಿಟಕಿಯಿಂದ ಒಳಗೆ ಬರಬಹುದು. ಹಾಗೆ ಬಂದು ಅಲಾರಂ ಹೊಡೆದರೆ "ನಮ್ಮ ಒಲೆ ಆರಿದೆಯಲ್ಲ, ಸುಮ್ನೆ ಕೂಗ್ತಿದೆ" ಎಂದು ಬ್ಯಾಟರಿ ತೆಗೆಯಬೇಡಿ. ಹೊರಗೆ ಬನ್ನಿ.

ಈಗ ಒಲೆ. ರಾತ್ರಿಯಿಡೀ ಉರಿಸಬಹುದೇ ಎಂದರೆ, ಒಲೆ, ಕೊಳವೆ, ಅಲಾರಂ, ಕಿಂಡಿ ನಾಲ್ಕೂ ಸರಿಯಿದ್ದರೆ ಉರಿಸಬಹುದು. ಕಾಲುವೆಯಲ್ಲಿ ವಾಸವಾಗಿರುವ ಬಹುತೇಕರು ನವೆಂಬರ್‌ನಲ್ಲಿ ಹೊತ್ತಿಸಿದ ಒಲೆಯನ್ನು ಮಾರ್ಚ್‌ವರೆಗೆ ಹೆಚ್ಚುಕಮ್ಮಿ ಆರಲು ಬಿಡುವುದೇ ಇಲ್ಲ. ಆರಿದ ದೋಣಿಯ ಉಕ್ಕು ಒಂದೇ ರಾತ್ರಿಗೆ ತಣ್ಣಗಾಗಿಬಿಡುತ್ತದೆ, ಮತ್ತೆ ಕಾಯಿಸಲು ಅರ್ಧ ದಿನ ಬೇಕು. ರಾತ್ರಿಗೆ ಬೇಕಾದದ್ದು ಸ್ಮೋಕ್‌ಲೆಸ್ ಕಲ್ಲಿದ್ದಲು, ಮೊಟ್ಟೆಯಾಕಾರದ ಉಂಡೆಗಳು. ಸೌದೆ ಸಂಜೆಗೆ ಚೆಂದ, ಆದರೆ ಬೆಳಗಿನವರೆಗೆ ನಿಲ್ಲುವುದಿಲ್ಲ. ಮಾಮೂಲಿ ಹೊಗೆಯ ಕಲ್ಲಿದ್ದಲು ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳಿಂದ ಮನೆಬಳಕೆಗೆ ಮಾರುವ ಹಾಗೇ ಇಲ್ಲ, ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಎಂದರೆ ತಗೊಬೇಡಿ. ಹಸಿ ಸೌದೆಯನ್ನು ಕಲ್ಲಿದ್ದಲಿನ ಜತೆ ಹಾಕುವುದೂ ಬೇಡ. ಸೌದೆಯ ನೀರು, ಕಲ್ಲಿದ್ದಲಿನ ಗಂಧಕ ಎರಡೂ ಸೇರಿ ಆಮ್ಲವಾಗಿ ಹೊಗೆಕೊಳವೆಯನ್ನು ಒಳಗಿನಿಂದ ತಿನ್ನುತ್ತವೆ.

ಮಲಗುವ ಮುಂಚೆ ಮಾಡುವ ಕೆಲಸ ಹೀಗೆ: ಜಾಲರಿ ಅಲ್ಲಾಡಿಸಿ ಬೂದಿ ಕೆಳಗೆ ಉದುರಿಸಿ, ಉಂಡೆಗಳನ್ನು ತುಂಬಿ, ಕೆಳಗಿನ ಗಾಳಿಬಾಗಿಲು ತೆರೆದು ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಹತ್ತಿಕೊಳ್ಳಲು ಬಿಡಬೇಕು, ಆಮೇಲೆ ಆ ಬಾಗಿಲನ್ನು ಕೂದಲೆಳೆಯಷ್ಟು ಸಂದಿ ಉಳಿಸಿ ಮುಚ್ಚಬೇಕು. ಹತ್ತಿಕೊಳ್ಳುವ ಮುಂಚೆಯೇ ಮುಚ್ಚಿದರೆ ವಿಷಗಾಳಿ, ತೀರಾ ತೆರೆದಿಟ್ಟರೆ ರಾತ್ರಿ ಎರಡಕ್ಕೆ ಕ್ಯಾಬಿನ್ ಸೌನಾ ಆಗಿ ಐದಕ್ಕೆ ಒಲೆ ತಣ್ಣಗೆ. ನಿಮ್ಮ ಒಲೆಯ ಹದ ನಿಮಗೆ ಒಂದೆರಡು ವಾರದಲ್ಲಿ ಕೈಗೆ ಬರುತ್ತದೆ. ತೀರಾ ಚಳಿಯಲ್ಲಿ ದಿನವಿಡೀ ಉರಿಸಿದರೆ 20 ಕೆಜಿಯ ಒಂದು ಮೂಟೆ ಎರಡು ಮೂರು ದಿನಕ್ಕೆ ಬರುತ್ತದೆ ಎಂದು ಇಟ್ಟುಕೊಳ್ಳಿ. ಚಾವಣಿಯ ಮೇಲೆ ಸದಾ ನಾಲ್ಕೈದು ಮೂಟೆ ಇರಲಿ. ಕಾಲುವೆಯಲ್ಲಿ ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಹೊತ್ತು ಮಾರುತ್ತಾ ಬರುವ ದೋಣಿಗಳಿವೆ. ಅವರ ಫೋನ್ ನಂಬರ್ ಇಟ್ಟುಕೊಳ್ಳಿ, ಆದರೆ ಹಿಮಗಟ್ಟಿದ ವಾರದಲ್ಲಿ ಅವರೂ ಬರಲಾರರು.

ತೆಗೆದ ಬೂದಿಯನ್ನು ಮುಚ್ಚಳ ಇರುವ ಲೋಹದ ಬಕೆಟ್‌ಗೆ ಹಾಕಿ ಹೊರಗೆ ಇಡಿ. ಮುಂಭಾಗದ ಕಟ್ಟೆಯಲ್ಲಿ, ಬಾಗಿಲ ಒಳಗೆ, ಮಳೆ ಬರುತ್ತಿದೆ ಎಂದು ಐದು ನಿಮಿಷ, ಇವೆಲ್ಲ ಬೇಡ. ಬಿಸಿ ಬೂದಿಯೂ ಅದೇ ವಿಷಗಾಳಿ ಬಿಡುತ್ತದೆ. ತಿಂಗಳಿಗೊಮ್ಮೆ ಒಲೆ ಆರಿಸಿ, ಕೈ ಒಳಗೆ ಹಾಕಿ ಮೇಲಿರುವ ತಗಡನ್ನು ಕಳಚಿ ನೋಡಿ. ಬೆಂಕಿಗೂ ಕೊಳವೆಗೂ ನಡುವೆ ಅಡ್ಡ ಇರುವ ತಗಡು ಅದು, ಅದರ ಮೇಲೆ ಮಸಿ, ಬೂದಿ ಕೂತು ದಾರಿ ಕಟ್ಟಿಕೊಳ್ಳುತ್ತದೆ. ಒಲೆ ಯಾಕೋ ಮೊದಲಿನ ಹಾಗೆ ಉರಿಯುತ್ತಿಲ್ಲ ಎಂದು ನನ್ನನ್ನು ಕರೆಯುವವರ ಮನೆಯಲ್ಲಿ ಹೆಚ್ಚಿನ ಸಲ ಕಾಣುವುದು ಇದೇ. ಕೊಳವೆ ಚಾವಣಿ ದಾಟುವ ಕೊರಳಿನ ಸುತ್ತ ಕಂದು ಬಣ್ಣದ ಟಾರ್ ಇಳಿದಿದ್ದರೆ ಸೀಲ್ ಬಿರುಕು ಬಿಟ್ಟಿದೆ ಎಂದರ್ಥ, ಅದನ್ನು ಸರಿ ಮಾಡಿಸುವವರೆಗೆ ಒಲೆ ಹಚ್ಚಬೇಡಿ.

ಹಾಸಿಗೆಯ ಬೂಷ್ಟು. ಪ್ಲೈವುಡ್ ಹಲಗೆಯ ಮೇಲೆ ನೇರವಾಗಿ ಹಾಸಿಗೆ ಹಾಕಿದ್ದೀರಿ ಅಲ್ವಾ? ಮೈಯ ಬಿಸಿ ಹಬೆ ಹಾಸಿಗೆಯೊಳಗೆ ಇಳಿದು, ಕೆಳಗಿನ ತಣ್ಣನೆ ಹಲಗೆ ಮುಟ್ಟಿ ಅಲ್ಲೇ ನೀರಾಗುತ್ತದೆ. ಹಲಗೆ ತೆಗೆದು ಸಂದಿ ಬಿಟ್ಟ ಪಟ್ಟಿಗಳನ್ನು ಹಾಕಿ, ಇಲ್ಲವಾದರೆ ಗಾಳಿಯಾಡುವ ಜಾಲರಿಯ ಚಾಪೆ ಸಿಗುತ್ತದೆ, ಅದನ್ನು ಕೆಳಗೆ ಹಾಸಿ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಗೋಡೆಗೆ ಒರಗಿಸಿ ಎತ್ತಿಡಿ. ಬಟ್ಟೆಯ ಕಪಾಟನ್ನು ಒತ್ತೊತ್ತಾಗಿ ತುಂಬಬೇಡಿ, ದೋಣಿಯ ಪಕ್ಕಕ್ಕೆ ತಾಗುವ ಕಡೆ ಮೊದಲು ಹೋಗುವುದು ರೇಷ್ಮೆ ಸೀರೆಯೇ. ಅವನ್ನು ಯಾರಾದರೂ ಸ್ನೇಹಿತರ ಮನೆಯಲ್ಲಿ ಇಡಿ. ಒಗೆದ ಬಟ್ಟೆ ಒಳಗೆ ಒಣಹಾಕಬೇಡಿ, ಮರೀನಾದಲ್ಲಿ ಡ್ರೈಯರ್ ಇದ್ದರೆ ಆ ದುಡ್ಡು ಕೊಟ್ಟದ್ದಕ್ಕೆ ಬೇಸರಪಡಬೇಡಿ. ಕಿಟಕಿಗೆ ಒಳಗಿನಿಂದ ಆಯಸ್ಕಾಂತದ ಪಟ್ಟಿಯಲ್ಲಿ ಅಂಟುವ ಅಕ್ರಿಲಿಕ್ ಹಾಳೆ ಹಾಕಿದರೆ ಎರಡನೇ ಗಾಜಿನ ಕೆಲಸ ಮಾಡುತ್ತದೆ. ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಕೊಳ್ಳುವುದಾದರೆ ಡೆಸಿಕೆಂಟ್ (ತೇವ ಹೀರುವ ಪದಾರ್ಥ ಇರುವ) ಬಗೆಯದ್ದು ಕೊಳ್ಳಿ, ಕಂಪ್ರೆಸರ್ ಇರುವುದು ಚಳಿಯಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಅಡುಗೆ ಮಾಡುವಾಗ ಮೇಲಿನ ಹ್ಯಾಚ್, ಅಂದರೆ ತೆರೆದು ಮುಚ್ಚುವ ಬಾಗಿಲು, ತೆರೆಯಿರಿ. ಸಾರು, ಹುಳಿ ಇಂಥವನ್ನು ಗ್ಯಾಸಿನ ಮೇಲೆ ಒಂದು ಕುದಿ ಬರಿಸಿ ಮುಚ್ಚಳ ಮುಚ್ಚಿ ಕಲ್ಲಿದ್ದಲಿನ ಒಲೆಯ ಮೇಲೆ ಇಟ್ಟರೆ ತನ್ನಷ್ಟಕ್ಕೇ ಬೇಯುತ್ತದೆ. ಗ್ಯಾಸ್ ಉಳಿಯಿತು, ನೀರಾವಿಯೂ ಕಮ್ಮಿ. ಅಂದ ಹಾಗೆ ಇಂಗ್ಲೆಂಡಿನ ಮನೆಗಳಲ್ಲಿ ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗುವುದೇ ಇಲ್ಲ ಎಂದು ಎಲ್ಲರದ್ದೂ ಗೋಳು, ದೋಣಿಯವರಿಗೆ ಆ ಕಷ್ಟ ಇಲ್ಲ. ಒಲೆಯ ಪಕ್ಕದಲ್ಲಿ ಎದೆಯೆತ್ತರದ ಕಪಾಟಿನಲ್ಲಿ ಇಡಿ, ಬೆಳಗ್ಗೆ ಪಾತ್ರೆ ಮೀರಿ ಬಂದಿರುತ್ತದೆ. ಚಾವಣಿಯ ಹತ್ತಿರ ಸೆಖೆ, ನೆಲದಲ್ಲಿ ಮಂಜುಗಡ್ಡೆಯಂಥ ಥಂಡಿ ಇರುವುದರಿಂದ ಎತ್ತರ ಮುಖ್ಯ. ನೆಲದ ಕೆಳಗೆ ದೋಣಿಯ ತೂಕಕ್ಕೆಂದು ಹಾಕಿದ ಇಟ್ಟಿಗೆ, ಕಲ್ಲುಚಪ್ಪಡಿ ಬಿಟ್ಟರೆ ಇನ್ನೇನೂ ಇರುವುದಿಲ್ಲ, ಹಾಗಾಗಿ ದಪ್ಪ ಜಮಖಾನ ಹಾಸಿ, ಉಣ್ಣೆಯ ಕಾಲುಚೀಲ ಹಾಕಿಕೊಳ್ಳಿ. ಗ್ಯಾಸ್ ಸಿಲಿಂಡರ್ ಕೆಂಪು ಬಣ್ಣದ್ದೇ ಇದೆಯೇ ನೋಡಿಕೊಳ್ಳಿ. ಇಲ್ಲಿ ಕೆಂಪು ಪ್ರೊಪೇನ್, ಅದು ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ನೀಲಿಯ ಬ್ಯುಟೇನ್ 0 ಡಿಗ್ರಿಯ ಹತ್ತಿರ ಬಂದರೆ ಸಿಲಿಂಡರಿನಲ್ಲೇ ಕೂತುಬಿಡುತ್ತದೆ, ಹೊರಗೆ ಬರುವುದಿಲ್ಲ.

ಕರೆಂಟಿನ ವಿಷಯದಲ್ಲಿ ನೀವು ಪುಣ್ಯವಂತರು, ಮರೀನಾದ ಪ್ಲಗ್ ಇದೆ. ಅದು ಸಾಮಾನ್ಯವಾಗಿ 16 ಆಂಪ್, ಅಂದರೆ 3.7 ಕಿಲೋವ್ಯಾಟ್ ಹತ್ತಿರ. ಎರಡು ಕಿಲೋವ್ಯಾಟಿನ ಹೀಟರ್ ಹಾಕಿಕೊಂಡು ಕೆಟಲ್ ಒತ್ತಿದರೆ ಟ್ರಿಪ್ ಆಗಿ ಮಳೆಯಲ್ಲಿ ಹೊರಗೆ ಹೋಗಬೇಕು. ಸದಾ ಪ್ಲಗ್‌ನಲ್ಲಿದ್ದರೆ ಅರ್ತಿಂಗ್ ತಂತಿಯಲ್ಲಿ ಹರಿಯುವ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವನಿಕ್ ಐಸೋಲೇಟರ್ ಇರಲೇಬೇಕು, ಇಲ್ಲದಿದ್ದರೆ ಅಕ್ಕಪಕ್ಕದ ದೋಣಿಗಳ ಅರ್ತಿಂಗ್ ತಂತಿಯ ಮೂಲಕ ನಿಮ್ಮ ತಳದ ಉಕ್ಕು ಸವೆಯುತ್ತಾ ಹೋಗುತ್ತದೆ. ಹೊರಗಿನ ಕಾಲುವೆಯಲ್ಲಿ ಇರುವವರ ಪಾಡು ಬೇರೆ. ಡಿಸೆಂಬರ್‌ನಲ್ಲಿ ಚಾವಣಿಯ ಸೋಲಾರ್ ಕೊಡುವುದು ಬೇಸಿಗೆಯ ಹತ್ತರಲ್ಲೊಂದು ಪಾಲು ಇದ್ದರೆ ಹೆಚ್ಚು. ಬ್ಯಾಟರಿಗೆ ಎಂಜಿನ್ನೇ ಗತಿ, ಅದನ್ನೂ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಓಡಿಸುವಂತಿಲ್ಲ. ಅದರ ಮೇಲೆ ಸ್ವಂತ ಜಾಗ ಇಲ್ಲದವರು 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ ಎಂದು 1995ರ ಕಾಯ್ದೆ ಹೇಳುತ್ತದೆ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಚಳಿಗಾಲಕ್ಕೆಂದು ಬೇರೆ ಪರವಾನಗಿ ಮಾರುತ್ತದೆ. ಅದು ಬೇಡವೆಂದವರು ಹಿಮದಲ್ಲೂ ಹಗ್ಗ ಬಿಚ್ಚಬೇಕು.

ಮಂಜುಗಡ್ಡೆ ಕಟ್ಟಿದ ದಿನ ದೋಣಿ ಓಡಿಸುವ ಆಸೆ ಮಾತ್ರ ಬೇಡ. ಫೋಟೋಗೆ ಚೆನ್ನಾಗಿರುತ್ತದೆ, ಆದರೆ ಒಡೆದ ಗಡ್ಡೆಯ ಅಂಚು ನೀರಿನ ಮಟ್ಟದಲ್ಲಿರುವ ಕಪ್ಪು ಬಳಿತವನ್ನು ಕೆರೆದು ತೆಗೆಯುತ್ತದೆ, ಹತ್ತಿರ ಕಟ್ಟಿರುವ ಫೈಬರ್ ದೋಣಿಗಳ ಪಕ್ಕವನ್ನೂ ತೂತು ಮಾಡಬಹುದು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಗಟ್ಟಿಯಾಗಿ, ಸರಕಿನ ದೋಣಿಗಳು ಅಲ್ಲಲ್ಲೇ ಸಿಕ್ಕಿಬಿದ್ದವು. ಮೊದಲೇ ಸೊರಗಿದ್ದ ವ್ಯಾಪಾರ ಲಾರಿಗಳ ಪಾಲಾಯಿತು, ನ್ಯಾರೋಬೋಟ್‌ನಲ್ಲಿ ಸರಕು ಸಾಗಿಸುವ ಕಸುಬು ಅಲ್ಲಿಗೆ ಹೆಚ್ಚುಕಮ್ಮಿ ಮುಗಿಯಿತು. ಈಗ ಅಷ್ಟು ಚಳಿ ಅಪರೂಪ. ಆದರೂ ಮುನ್ಸೂಚನೆ ನೋಡಿ, ಮೈನಸ್ ಬರುವ ಮುಂಚಿನ ದಿನವೇ ನೀರಿನ ಟ್ಯಾಂಕ್ ತುಂಬಿ, ಶೌಚದ ಕ್ಯಾಸೆಟ್ (ಕಳಚಿ ಒಯ್ಯುವ ತೊಟ್ಟಿ) ಖಾಲಿ ಮಾಡಿ ಬನ್ನಿ. ದಂಡೆಯ ನಲ್ಲಿ ಮೊದಲು ಹೆಪ್ಪುಗಟ್ಟುತ್ತದೆ. ಪೈಪನ್ನು ಪೂರ್ತಿ ಬಸಿದು ಒಳಗೆ ಇಡಿ. ದೋಣಿಗೆ ಹೋಗುವ ತೇಲುವ ಕಾಲುದಾರಿ (ಪಾಂಟೂನ್) ಮೇಲೆ ಉಪ್ಪು ಎರಚಬೇಡಿ, ಉಕ್ಕಿಗೆ ಒಳ್ಳೆಯದಲ್ಲ, ಮರಳು ಸಾಕು. ರಾತ್ರಿ ಹೊತ್ತು ದೋಣಿಯ ಅಂಚಿನ ಮೇಲೆ ನಡೆದು ಹೋಗುವ ಚಾಳಿ ಇದ್ದರೆ ಬಿಡಿ. ಸೊಂಟದವರೆಗಿನ ನೀರೇ ಇರಬಹುದು, ಆ ತಣ್ಣೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರೇ ಕೈಕೊಡುತ್ತದೆ. ಕೀಗೊಂಚಲಿಗೆ ಒಂದು ಬೆಂಡಿನ ಚೆಂಡು ಕಟ್ಟಿ, ಬಿದ್ದರೆ ತೇಲಲಿ.

ಇನ್ನು ಊರಿಗೆ ಹೋಗುವ ಮೂರು ವಾರ. ಹಾಗೇ ಬಿಟ್ಟು ಹೋಗಬೇಡಿ. ಆಗುವುದು ಏನು ಗೊತ್ತಾ? ಒಲೆ ಇಲ್ಲದ ದೋಣಿಯಲ್ಲಿ ಒಂದು ರಾತ್ರಿ ಪೈಪಿನ ನೀರು ಹೆಪ್ಪುಗಟ್ಟಿ ಎಲ್ಲೋ ಒಂದು ಜೋಡಣೆ ಬಿರಿಯುತ್ತದೆ. ಆಗ ಏನೂ ಆಗುವುದಿಲ್ಲ. ಎರಡು ದಿನ ಬಿಟ್ಟು ಬಿಸಿಲು ಬಂದು ಕರಗಿದಾಗ ಒತ್ತಡ ಇಳಿಯುತ್ತದೆ, ಯಾರೋ ನಲ್ಲಿ ತೆರೆದರು ಎಂದುಕೊಂಡು ಪಂಪ್ ಓಡಲು ಶುರು ಮಾಡುತ್ತದೆ, ಟ್ಯಾಂಕಿನ ನೂರಾರು ಲೀಟರ್ ನೀರೆಲ್ಲ ನಿಮ್ಮ ನೆಲದಡಿಗೆ ಸುರಿದು ಮುಗಿಯುವವರೆಗೆ ನಿಲ್ಲುವುದಿಲ್ಲ. ಎಲೆಕ್ಟ್ರಿಕ್ ಹೀಟರ್ ಹಾಕಿಟ್ಟು ಹೋದರೆ ಸಾಲದೇ ಎಂದರೆ, ಮರೀನಾದ ಕರೆಂಟ್ ಒಂದು ಸಲ ಟ್ರಿಪ್ ಆದರೆ ಮುಗಿಯಿತಲ್ಲ. ವಿಮೆಯವರೂ ನೀರು ಬಸಿದಿದ್ದಿರಾ ಎಂದೇ ಮೊದಲು ಕೇಳುತ್ತಾರೆ, ಪಾಲಿಸಿಯಲ್ಲಿ ಹಿಮದ ಬಗ್ಗೆ ಏನು ಬರೆದಿದೆ ಹೋಗುವ ಮುಂಚೆ ಓದಿ.

ಹಾಗಾಗಿ ಪಂಪಿನ ಸ್ವಿಚ್ ಆರಿಸಿ. ಎಲ್ಲ ನಲ್ಲಿ ತೆರೆಯಿರಿ, ಶವರ್ ಸಹಿತ. ಮೇಲೆ ಕೆಳಗೆ ಎತ್ತುವ ನಲ್ಲಿಯಾದರೆ ಬಿಸಿ, ತಣ್ಣೀರಿನ ಮಧ್ಯಕ್ಕೆ ತಿರುಗಿಸಿ ಬಿಡಿ. ಶವರಿನ ತಲೆಯನ್ನು ಕೊಕ್ಕೆಯಿಂದ ತೆಗೆದು ಕೆಳಗೆ ಹಾಕಿ, ಮೊದಲು ಒಡೆಯುವುದು ಶವರಿನ ಮಿಕ್ಸರ್. ಬಿಸಿನೀರಿನ ಸಿಲಿಂಡರಿನ ಬುಡದಲ್ಲಿರುವ ಬಸಿಯುವ ನಲ್ಲಿ ತೆರೆಯಿರಿ, ಗ್ಯಾಸ್ ಗೀಸರ್ ಇದ್ದರೆ ಅದಕ್ಕೂ ಸಣ್ಣ ಬಿರಡೆ ಇರುತ್ತದೆ, ಮರೆಯಬೇಡಿ. ಎಂಜಿನ್ ಕೂಲಂಟ್‌ನಲ್ಲಿ ಆಂಟಿಫ್ರೀಜ್ ಸಾಕಷ್ಟು ಇದೆಯೇ ಪರೀಕ್ಷೆ ಮಾಡಿಸಿ. ಡೀಸೆಲ್ ಟ್ಯಾಂಕ್ ತುಂಬಿಸಿ, ಖಾಲಿ ಜಾಗ ಇದ್ದರೆ ಅಲ್ಲೂ ಹಬೆ ನೀರಾಗುತ್ತದೆ. ಹಿಂಭಾಗದ ಪ್ರೊಪೆಲ್ಲರ್ ದಂಡದ ಗ್ರೀಸ್ ತಿರುಪನ್ನು ಬಿಗಿಯಾಗುವವರೆಗೆ ತಿರುಗಿಸಿ, ತಳದಲ್ಲಿ ಸೇರಿದ ನೀರನ್ನು ಹೊರಗೆ ಹಾಕುವ ಬಿಲ್ಜ್ ಪಂಪ್ ಆಟೋಮ್ಯಾಟಿಕ್‌ನಲ್ಲಿರಲಿ. ಮುಂದಿನ ಕಟ್ಟೆಯಲ್ಲಿ ಮಳೆನೀರು ಹೊರಗೆ ಹೋಗುವ ಸಣ್ಣ ತೂತುಗಳಿವೆ ನೋಡಿ, ಅದರಲ್ಲಿ ಎಲೆ ಸಿಕ್ಕಿದ್ದರೆ ತೆಗೆಯಿರಿ. ಅಷ್ಟಕ್ಕೇ ಮುಳುಗಿದ ದೋಣಿಗಳಿವೆ. ಒಲೆಯ ಬೂದಿ ಪೂರ್ತಿ ತೆಗೆದು ಬಾಗಿಲು ಅರೆ ತೆರೆದಿಡಿ, ಬೂದಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಚಿಮಣಿ ಕಳಚಿ ಮುಚ್ಚಳ ಹಾಕಿ. ಗ್ಯಾಸ್ ಸಿಲಿಂಡರಿನಲ್ಲೇ ಬಂದ್ ಮಾಡಿ. ಅಕ್ಕಿ, ಬೇಳೆ ಡಬ್ಬಿಯಲ್ಲಿ ಭದ್ರ ಇರಲಿ, ಇಲಿಗಳಿಗೆ ಹಗ್ಗದ ಮೇಲೆ ನಡೆದು ಬರುವುದು ಗೊತ್ತು. ಕಪಾಟುಗಳ ಬಾಗಿಲು ತೆರೆದು, ಹಾಸಿಗೆ ಎತ್ತಿ ನಿಲ್ಲಿಸಿ. ಕಿಂಡಿಗಳಿಗೆ ಏನೂ ತುರುಕಬೇಡಿ. ಪಕ್ಕದ ದೋಣಿಯವರಿಗೆ ಒಂದು ಕೀ, ನಿಮ್ಮ ವಾಟ್ಸ್ಯಾಪ್ ನಂಬರ್ ಕೊಟ್ಟು ಹೋಗಿ.

ವಾಪಸ್ ಬಂದಾಗ ಪ್ರಯಾಣದ ಸುಸ್ತಿನಲ್ಲಿ ನೇರ ಪಂಪಿನ ಸ್ವಿಚ್‌ಗೆ ಕೈ ಹಾಕಬೇಡಿ. ಮೊದಲು ಬಸಿಯುವ ನಲ್ಲಿ, ಗೀಸರಿನ ಬಿರಡೆ, ಆಮೇಲೆ ಅಡುಗೆಮನೆ, ಬಚ್ಚಲಿನ ನಲ್ಲಿಗಳು, ಒಂದೊಂದಾಗಿ ಮುಚ್ಚಿ. ಆಮೇಲೆ ಪಂಪ್ ಹಾಕಿ, ಒಬ್ಬರು ಅಲ್ಲೇ ನಿಂತು ಕೇಳಿಸಿಕೊಳ್ಳಿ. ಒಂದೆರಡು ನಿಮಿಷದಲ್ಲಿ ತಾನಾಗಿ ನಿಂತರೆ ಎಲ್ಲ ಸರಿ ಇದೆ. ನಿಲ್ಲದೆ ಓಡುತ್ತಲೇ ಇದ್ದರೆ ಆರಿಸಿ, ಟಾರ್ಚ್ ಹಿಡಿದು ಶವರಿನ ಹಿಂದಿನಿಂದ ಹುಡುಕಲು ಶುರು ಮಾಡಿ.